ದೊಡ್ಡವ್ವನ ಮಿಶ್ರಿ ಮತ್ತು ರಾಜ್ಯದ ಯೋಜನೆ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕೆಲಸ ಕೆಟ್ಟಿತು. ಸಮಯ ಇಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ಆಗ ನಾನು ಶಾಲೆಯ ಗೋಡೆಗಡಿಯಾರದ ಕೆಳಗೆ ನಿಂತು, ಬಂದವರಿಗೆಲ್ಲ ಮಧ್ಯಾಹ್ನ ರೊಟ್ಟಿ ಸಾಲುತ್ತವೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಅಲ್ಲಿಯ ತನಕ ನನ್ನ ದೊಡ್ಡ ಚಿಂತೆ ರೊಟ್ಟಿಯದೇ ಆಗಿತ್ತು. ನನ್ನ ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ಅಗಲಿಸಿ, ಊರ ಹೆಂಗಸರನ್ನೆಲ್ಲ ನಗಿಸುತ್ತಿದ್ದಳು. ಹಲ್ಲಿನ ಡಾಕ್ಟರು ಅವಳ ಬಾಯೊಳಗೆ ಬ್ಯಾಟರಿ ಬಿಟ್ಟು ತಾವೂ ನಗುತ್ತಿದ್ದರು. ಬ್ಯಾಟರಿಯ ಬೆಳಕು ಎಡಗೆನ್ನೆಯ ಒಳಗೆ ಒಂದು ಕಡೆ ಹೋಗಿ ನಿಂತಿತು. ಡಾಕ್ಟರ ನಗುವೂ ನಿಂತಿತು. ಹೆಂಗಸರ ನಗು ಮಾತ್ರ ಇನ್ನೂ ಸ್ವಲ್ಪ ಹೊತ್ತು ನಡೆದೇ ಇತ್ತು.

ಆ ಸ್ವಲ್ಪ ಹೊತ್ತನ್ನು ನಾನು ಇವತ್ತಿಗೂ ನೋಡುತ್ತಿರುತ್ತೇನೆ. ಹಾಲು ಕಾಯಿಸುವಾಗ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಾಗ, ಯಾರಾದರೂ ನನ್ನೆದುರು ಆಕಳಿಸಿದಾಗ. ಯಾಕೆಂದರೆ ದೊಡ್ಡವ್ವ ಅವತ್ತು ತೋರಿಸಿಕೊಳ್ಳಲು ಬಂದವಳೇ ಅಲ್ಲ. ಅವಳು ಬಂದದ್ದು ಗಮ್ಮತ್ತು ನೋಡಲು.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ಬೆಟಗೇರಿಯಲ್ಲಿ ಮಗ್ಗದ ಸದ್ದು ಇನ್ನೂ ಕೇಳಿಸುವ ಒಂದು ಓಣಿಯಲ್ಲಿ ನಮ್ಮ ಮಹಿಳಾ ಸಂಘದ ಕಚೇರಿ ಇದೆ. ಉಳಿತಾಯದ ಗುಂಪು, ಹೊಲಿಗೆ ತರಬೇತಿ, ಗಂಡ-ಹೆಂಡತಿ ಜಗಳ, ಎಲ್ಲಕ್ಕೂ ನಾವೇ. ಸಮಾಜಕಾರ್ಯ ಓದಿ ಪದವಿ ಪಡೆದವಳು ಎಂಬ ಕಾರಣಕ್ಕೆ ಹೊಸದಾಗಿ ಏನೇ ಬಂದರೂ ಅದು ನನ್ನ ಮೇಜಿಗೆ ಬರುತ್ತದೆ. ಹಾಗೆ ಬಂದದ್ದು ಕ್ಯಾನ್ಸರ್ ಯೋಜನೆ. ಈ ರೋಗ ಬರದಂತೆ ತಡೆಯುವುದು ಹೇಗೆ, ಬಂದದ್ದನ್ನು ಬೇಗ ಹಿಡಿಯುವುದು ಹೇಗೆ ಎಂದು ಇಡೀ ರಾಜ್ಯಕ್ಕೆ ಒಂದು ಯೋಜನೆ ಬರೆಯಬೇಕಿತ್ತು. ಬೆಂಗಳೂರಿನಲ್ಲಿ ನಾಲ್ಕು ಜನ ಡಾಕ್ಟರು ಕೂತು ಬರೆದರೆ ಸಾಲದು, ಪ್ರತಿ ಜಿಲ್ಲೆಯಲ್ಲೂ ಆಸ್ಪತ್ರೆಯವರು, ಶಾಲೆಯವರು, ಪಂಚಾಯಿತಿಯವರು, ಸಂಘದವರು, ಮಠದವರು ಒಂದೇ ಜಮಖಾನದ ಮೇಲೆ ಕೂತು ತಮ್ಮ ಊರಿನ ಸಂಗತಿ ತಾವೇ ಹೇಳಬೇಕು ಎಂದು ಮೇಲಿನವರು ಬಯಸಿದ್ದರು. ಇದಕ್ಕೆ ಸಹಭಾಗಿತ್ವ ಎಂದು ಹೆಸರು. ನಮ್ಮ ಜಿಲ್ಲೆಯ ಸಹಭಾಗಿತ್ವಕ್ಕೆ ಸಂಚಾಲಕರಾಗಿ ಸಿಕ್ಕವರು ನಿವೃತ್ತ ಹೆಡ್‌ಮಾಸ್ತರರೊಬ್ಬರು. ನಿವೃತ್ತಿ ಆಗಿದ್ದು ಅವರ ಸಂಬಳಕ್ಕೆ ಮಾತ್ರ. ಸಭೆಯಲ್ಲಿ ಯಾರಾದರೂ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದರೆ, ಅವರು ಎಂಥ ಅಧಿಕಾರಿಯೇ ಆಗಿರಲಿ, "ಏನದು, ನಮಗೂ ಹೇಳ್ರಿ, ನಾವೂ ನಗತೇವಿ" ಎನ್ನುತ್ತಿದ್ದರು.

ಮೊದಲ ಸಭೆ ಗದಗಿನಲ್ಲಿ ನಡೆಯಿತು. ಕ್ಯಾನ್ಸರಿನ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಎಲ್ಲರೂ ಅದಕ್ಕೆ ವಿರುದ್ಧವೇ. ಜಗಳ ಶುರುವಾದದ್ದು ಮೊದಲ ತಪಾಸಣೆ ಶಿಬಿರ ಎಲ್ಲಿ ಎಂಬ ಮಾತಿಗೆ. ಮುಂಡರಗಿಯವರು ಎದ್ದು, ತಾವು ಹೊಳೆದಂಡೆಯವರು, ಜಿಲ್ಲೆಯ ಯಾವ ಸವಲತ್ತೇ ಆಗಲಿ ತಮ್ಮಲ್ಲಿಗೆ ಬರುವಷ್ಟರಲ್ಲಿ ಬಾಡಿ ಹೋಗಿರುತ್ತದೆ, ಆದ್ದರಿಂದ ಈ ಸಲ ಮೊದಲು ತಮಗೇ ಆಗಬೇಕು ಎಂದರು. ಲಕ್ಷ್ಮೇಶ್ವರದವರು, ತಾವು ಹೊಸ ತಾಲೂಕಿನವರು, ಹೊಸ ಸೊಸೆಗೆ ಮೊದಲು ಬಡಿಸುವುದು ರೂಢಿ ಎಂದರು. ಅದನ್ನು ಕೇಳಿ ಶಿರಹಟ್ಟಿಯ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ.

"ತಾಲೂಕ ಒಡದು ಕೊಟ್ಟೇವಿ. ಇನ್ನ ಕ್ಯಾಂಪೂ ನಿಮಗ ಬೇಕನ?"

ಹೆಡ್‌ಮಾಸ್ತರರು ಕೈಯಲ್ಲಿದ್ದ ಪೆನ್ನಿನಿಂದ ಮೇಜು ಬಡಿದು ತೀರ್ಪು ಕೊಟ್ಟರು. ಮಾಗಡಿ ಕೆರೆಯ ಆಚೆ ಒಂದು ಊರಿದೆ. ಕಾಗದದ ಮೇಲೆ ಅದು ಶಿರಹಟ್ಟಿಯದು, ಸಂತೆಗೆ ಹೋಗುವುದು ಲಕ್ಷ್ಮೇಶ್ವರಕ್ಕೆ. ಅಲ್ಲಿ ಮಾಡಿದರೆ ಇಬ್ಬರ ಹೊಟ್ಟೆಯೂ ಉರಿಯುವುದಿಲ್ಲ. ಎರಡನೆಯ ಶಿಬಿರ ಮುಂಡರಗಿಗೆ. ಎಲ್ಲರೂ ಒಪ್ಪಿ ಎಣ್ಣೆಗಾಯಿ ಊಟಕ್ಕೆ ಎದ್ದರು. ನಾನು ಮಾತ್ರ ಎದೆ ಹಿಡಿದುಕೊಂಡು ಕೂತಿದ್ದೆ. ಅದು ನನ್ನ ದೊಡ್ಡವ್ವನ ಊರು. ಅಲ್ಲಿ ನಾನು ಏನೇ ಸರ್ಕಾರಿ ಮಾತು ಆಡಲು ಹೋದರೂ, ಚಿಕ್ಕಂದಿನಲ್ಲಿ ನಾನು ಎಮ್ಮೆಗೆ ಹೆದರಿ ಕಣಜ ಏರಿ ಕೂತಿದ್ದ ಕಥೆಯನ್ನು ಯಾರಾದರೂ ಒಬ್ಬರು ತೆಗೆಯುತ್ತಾರೆ.

ಎಳ್ಳ ಅಮಾವಾಸ್ಯೆ ಮುಗಿದು ಚಳಿ ಇನ್ನೂ ಬಿಟ್ಟಿರಲಿಲ್ಲ. ಕೆರೆಯಲ್ಲಿ ದೂರದೇಶದ ಬಾತುಗಳು ತುಂಬಿದ್ದವು. ಶಿಬಿರದ ಸುದ್ದಿ ಹೇಳಲು ಹೋದಾಗ ದೊಡ್ಡವ್ವ ಶೇಂಗಾ ಬಿಡಿಸುತ್ತ ಕೂತಿದ್ದಳು.

"ಇಷ್ಟ ದಿವಸ ಕ್ಯಾಮೆರಾ ಹಿಡ್ಕೊಂಡು ಹಕ್ಕಿ ನೋಡಾಕ ಬರತಿದ್ರು," ಅಂದಳು. "ಈಗ ಬ್ಯಾಟ್ರಿ ಹಿಡ್ಕೊಂಡು ನಮ್ಮ ಬಾಯಿ ನೋಡಾಕ ಬರತಾರಂತ. ನಡೀಲಿ, ನಮಗೂ ಒಂದು ಕಾಲ ಬಂತು."

ಶಿಬಿರದ ಹಿಂದಿನ ದಿನ ಪಂಚಾಯಿತಿಯ ಆಟೋ ಊರೆಲ್ಲ ಸುತ್ತಿ, ನಾಳೆ ಹೆಂಗಸರೆಲ್ಲ ಬಾಯಿ ಸ್ವಚ್ಛ ಮಾಡಿಕೊಂಡು ಶಾಲೆಗೆ ಬರಬೇಕು ಎಂದು ಮೈಕಿನಲ್ಲಿ ಸಾರಿತು. ಊರಿನ ಹೆಂಗಸರು ಅದನ್ನು ಅಕ್ಷರಶಃ ಪಾಲಿಸಿದರು. ಎಲ್ಲರೂ ಬೆಳಿಗ್ಗೆ ಎದ್ದು ಮಿಶ್ರಿ ತಿಕ್ಕಿದರು. ಪರಊರಿನ ಡಾಕ್ಟರು ನೋಡುವ ಬಾಯಿ ಎಂದು ಕೆಲವರು ಇನ್ನೊಂದು ಸಲವೂ ತಿಕ್ಕಿದರು.

ಮಿಶ್ರಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು, ಕುಟ್ಟಿ, ಪುಡಿ ಮಾಡಿ ಡಬ್ಬಿಗೆ ತುಂಬುತ್ತಾರೆ. ತೋರುಬೆರಳಿಗೆ ಹಚ್ಚಿಕೊಂಡು ಹಲ್ಲು, ವಸಡು ತಿಕ್ಕುತ್ತಾರೆ. ಎದ್ದ ಕೂಡಲೇ ಒಮ್ಮೆ, ಉಂಡ ಮೇಲೆ ಒಮ್ಮೆ, ಬೇಜಾರಾದಾಗ ಒಮ್ಮೆ, ಖುಷಿಯಾದಾಗ ಒಮ್ಮೆ. ಆದರೆ ಅದನ್ನು ತಂಬಾಕು ಎಂದು ಯಾರೂ ಎಣಿಸುವುದಿಲ್ಲ. ತಂಬಾಕು ಗಂಡಸರದು, ಚಂಚಿಯಲ್ಲಿರುತ್ತದೆ, ಸುಣ್ಣ ಹಚ್ಚಿ ತಿಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾರೆ, ಅದು ಚಟ. ಮಿಶ್ರಿ ಹೆಂಗಸರದು, ಒಲೆಯ ಹಿಂದಿನ ಗೂಡಿನಲ್ಲಿರುತ್ತದೆ, ಅದು ಶುಚಿ. ದೊಡ್ಡವ್ವನಿಗೆ ಅದನ್ನು ಕಲಿಸಿದವಳು ಅವಳ ಅತ್ತೆ.

ಡಾಕ್ಟರು ಗದಗಿನ ಹುಡುಗಿ, ಓದು ಮುಗಿಸಿ ಬಹಳ ದಿನವಾಗಿರಲಿಲ್ಲ. ಮೊದಲು ಬಂದ ಅಜ್ಜಿಯ ಬಾಯಿ ಒಳಗೆಲ್ಲ ಕಪ್ಪು. ಎರಡನೆಯ ಅಜ್ಜಿಯದೂ ಹಾಗೇ. ಮುಂದಿನ ಅಜ್ಜಿ ಕೂತಾಗ ಅವರು ಬ್ಯಾಟರಿಯನ್ನೇ ಕೆಟ್ಟಿದೆಯೇನೋ ಎಂದು ತಿರುಗಿಸಿ ನೋಡಿದರು. ಆಮೇಲೆ ಕೇಳಿದರು, ನೀವೆಲ್ಲ ತಂಬಾಕು ತಿನ್ನುತ್ತೀರಾ ಎಂದು. ಅಜ್ಜಿ ಸೆರಗು ಹೊದ್ದುಕೊಂಡು, ಅಂಥದ್ದನ್ನು ನಾವ್ಯಾಕೆ ಮುಟ್ಟೋಣ ಎಂದು ಮುಖ ಸಿಂಡರಿಸಿದಳು. ಹಾಗಾದರೆ ಈ ಕಪ್ಪು ಏನು ಎಂದರೆ, ಮೈಕಿನಲ್ಲಿ ನೀವೇ ಹೇಳಿ ಕಳಿಸಿದಿರಲ್ಲ, ಅದಕ್ಕೇ ಚೆನ್ನಾಗಿ ತಿಕ್ಕಿಕೊಂಡು ಬಂದಿದ್ದೇವೆ ಎಂದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ.

ಅಷ್ಟರಲ್ಲಿ ದೊಡ್ಡಪ್ಪ, ಅಂದರೆ ದೊಡ್ಡವ್ವನ ಗಂಡ, ಊರಿನ ಇನ್ನಷ್ಟು ಹಿರಿಯರನ್ನು ಕರೆದುಕೊಂಡು ಬಂದು ಎದುರಿನ ಕಟ್ಟೆಯ ಮೇಲೆ ಕೂತ. ಮುಗಿಯಿತು ಕಥೆ. ಅಜ್ಜಿಯರೇನೋ ಬಾಯಿ ತೆರೆದಿದ್ದರು, ಸೊಸೆಯಂದಿರು ಹೇಗೆ ತೆರೆದಾರು? ಮಾವ, ಭಾವ, ಗಂಡನ ಕಾಕಾ ಸಾಲಾಗಿ ಕೂತಿರುವಾಗ ಬಾಯಿ ಅಗಲಿಸಿ ನಾಲಿಗೆ ತೋರಿಸುವುದೆಂದರೆ ಏನು ಮರ್ಯಾದೆ? ಸಾಲು ಹಿಂದಕ್ಕೆ ಸರಿಯತೊಡಗಿತು. ನಾನು ಕೈ ಮುಗಿದೆ, ವಿವರಿಸಿದೆ, ಪೋಸ್ಟರ್ ತೋರಿಸಿದೆ. ಪೋಸ್ಟರಿನಲ್ಲಿ ಬಾಯಿ ತೆರೆದಿದ್ದವಳು ನಗುತ್ತಿದ್ದಳು. ಇಲ್ಲಿ ಯಾರೂ ನಗಲಿಲ್ಲ. ಒಬ್ಬಾಕೆ ಎಮ್ಮೆ ಕಟ್ಟಿ ಬರುತ್ತೇನೆಂದು ಹೊರಟೇಬಿಟ್ಟಳು.

ಆಗ ಹಿಂದೆ ಕೂತಿದ್ದ ದೊಡ್ಡವ್ವ ಶೇಂಗಾದ ಸಿಪ್ಪೆ ಕೊಡವಿ ಎದ್ದಳು.

"ಯವ್ವಾ, ಬಾಯಿ ತಗ್ಯಾಕ ಏನ ನಾಚಿಗಿ? ಮನ್ಯಾಗ ಗಂಡಗ ಬೈಯಾಕ ಎಷ್ಟ ತಗೀತೀರಿ, ಅಷ್ಟ ತಗೀರಿ. ಸಾಕ ಅಕ್ಕಾರಿಗೆ."

ನೇರ ಬಂದು ಕುರ್ಚಿಯಲ್ಲಿ ಕೂತು, ಹೀಗೆ ನೋಡಿ ಎಂದು ಬಾಯಿ ತೆರೆದಳು. ಕಟ್ಟೆಯಿಂದ ದೊಡ್ಡಪ್ಪನ ದನಿ ಬಂತು.

"ಅಕೀ ಬಾಯಿ ನೋಡಾಕ ಬ್ಯಾಟ್ರಿ ಯಾಕ ಬೇಕ್ರಿ ಡಾಕ್ಟರಬಾಯಾರ? ಅದು ಮುಚ್ಚಿದ್ದನ್ನ ಊರಾಗ ಯಾರೂ ನೋಡಿಲ್ಲ."

ಎಲ್ಲರೂ ನಕ್ಕರು. ದೊಡ್ಡವ್ವ ತೆರೆದ ಬಾಯಲ್ಲೇ ಏನೋ ತಿರುಗಿ ಅಂದಳು, ಅಕ್ಷರ ತಿಳಿಯದಿದ್ದರೂ ಬೈಗುಳ ಎಂದು ಎಲ್ಲರಿಗೂ ತಿಳಿಯಿತು, ಮತ್ತೂ ನಕ್ಕರು. ಬೆಳಕು ನಿಂತದ್ದು ಆಗ.

ಎಡಗೆನ್ನೆಯ ಒಳಗೆ, ಮಿಶ್ರಿ ಸದಾ ಕೂರುವ ಜಾಗದಲ್ಲಿ, ಒಂದು ಬಿಳಿ ಪಟ್ಟಿ. ಅದರ ನಡುವೆ ಒರಟು ಕೆಂಪು. ಖಾರ ಉರಿಯುತ್ತದೆಯೇ ಎಂದು ಡಾಕ್ಟರು ಕೇಳಿದರು. ದಸರೆಯಿಂದ ಉರಿಯುತ್ತದೆ, ಉಷ್ಣ ಆಗಿರಬೇಕು, ಅದಕ್ಕೇ ಅಲ್ಲಿ ಸ್ವಲ್ಪ ಹೆಚ್ಚು ಮಿಶ್ರಿ ಹಚ್ಚುತ್ತಿದ್ದೇನೆ, ತಂಪಾಗುತ್ತದೆ ಎಂದು ದೊಡ್ಡವ್ವ ಔಷಧಿ ಹೇಳುವವಳಂತೆ ಹೇಳಿದಳು. ಅವಳು ಕುರ್ಚಿಯಿಂದ ಎದ್ದ ಮೇಲೆ ನಾಚಿಕೆ ಬಿಟ್ಟ ಹೆಂಗಸರು ನಾ ಮುಂದು ತಾ ಮುಂದು ಎಂದು ಬಂದರು. ಡಾಕ್ಟರು ನನ್ನನ್ನು ಬಾಗಿಲ ಹಿಂದೆ ಕರೆದರು.

"ಇದು ಕ್ಯಾನ್ಸರ್ ಅಂತ ಹೇಳಾಕ ಬರೂದಿಲ್ಲ. ಅಲ್ಲ ಅಂತನೂ ಹೇಳಾಕ ಬರೂದಿಲ್ಲ. ಒಂದು ಚೂರು ತಗದು ಪರೀಕ್ಷಾಕ ಕಳಸಬೇಕು. ತಡಾ ಮಾಡಬ್ಯಾಡ್ರಿ."

ಅಲ್ಲಿಂದ ನನ್ನ ಲೆಕ್ಕಾಚಾರ ಶುರುವಾಯಿತು. ಒಬ್ಬಳೇ ಒಬ್ಬಳು ಸೊಸೆ ನಾಚದೆ ಬಾಯಿ ತೆರೆದಿದ್ದರೆ ದೊಡ್ಡವ್ವ ಏಳುತ್ತಿರಲಿಲ್ಲ. ದೊಡ್ಡಪ್ಪ ಬಂದು ಕಟ್ಟೆಯ ಮೇಲೆ ಕೂರದಿದ್ದರೆ ಸೊಸೆಯಂದಿರು ನಾಚುತ್ತಿರಲಿಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರದವರು ಜಗಳ ಮಾಡದಿದ್ದರೆ ಶಿಬಿರ ಆ ಊರಿಗೇ ಬರುತ್ತಿರಲಿಲ್ಲ. ಯಾವ ಎಳೆ ಎಳೆದರೂ ಆ ಬಿಳಿ ಪಟ್ಟಿ ಕತ್ತಲಲ್ಲೇ ಉಳಿಯುತ್ತಿತ್ತು. ಮಲಗಿದರೆ ಕಣ್ಣ ಮುಂದೆ ಬ್ಯಾಟರಿ. ಬೆಳಕು ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದಕ್ಕೆ ಹೋಗಿಬಿಡುತ್ತಿತ್ತು, ನಾನು ಎದ್ದು ಕೂರುತ್ತಿದ್ದೆ.

ದೊಡ್ಡವ್ವನಿಗೆ ಕತ್ತರಿಯ ಭಯ ಇರಲಿಲ್ಲ. ಬಾಯೊಳಗಿನದನ್ನು ತೆಗೆದರೆ ಮಾತೂ ಹೋದೀತೇ ಎಂಬ ಒಂದೇ ಅನುಮಾನ. ದೊಡ್ಡಪ್ಪ ಮರುದಿನ ಎಲ್ಲರಿಗಿಂತ ಮೊದಲು ತಲೆಗೆ ಪಟಕಾ ಸುತ್ತಿಕೊಂಡು, ನೀರಿನ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ವಿವರಿಸಿ, ಏನಾದರೂ ಕೇಳುವುದಿದೆಯೇ ಎಂದಾಗ ಅವನು ಒಂದೇ ಮಾತು ಕೇಳಿದ.

"ಅಕಿ ಬೈಯಾಕ ಏನೂ ತೊಂದರಿ ಆಗೂದಿಲ್ಲಲ್ರಿ?"

ಡಾಕ್ಟರು ಆಗುವುದಿಲ್ಲ ಎಂದರು. ಅವನು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತು ಚಂಚಿ ಬಿಚ್ಚಿದ. ಸುಣ್ಣವೆಲ್ಲ ಅಂಗಿಯ ಮೇಲೆ ಬಿತ್ತು.

ಚೂರು ತೆಗೆದು ಹೊಲಿಗೆ ಹಾಕಿದರು. ಗಾಯ ಮಾಯುವ ತನಕ ಮಾತು ಬಂದ್. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಓಣಿಯವರು ಊರಿಗೆ ಹೋಗಿದ್ದಾರೇನೋ ಎಂದು ಬಂದು ಬಂದು ನೋಡಿದರು. ಅವಳ ಬೈಗುಳ ಕೇಳಿಸದೆ ಎಮ್ಮೆ ಹಾಲು ಕೊಡುವುದನ್ನೇ ಬಿಟ್ಟಿತು. ಅದನ್ನು ನೋಡಲಾರದೆ ದೊಡ್ಡವ್ವ ಒಂದು ಬೆಳಿಗ್ಗೆ ಎಮ್ಮೆಯ ಮುಂದೆ ನಿಂತು ಬಾಯಿ ತುಂಬ ಬೈದಳು. ಎಮ್ಮೆ ಹಾಲು ಕೊಟ್ಟಿತು, ಹೊಲಿಗೆ ಬಿಚ್ಚಿಕೊಂಡಿತು. ಡಾಕ್ಟರು ಮತ್ತೆ ಹೊಲಿದು, ಈ ಸಲ ಎಮ್ಮೆಯ ಹತ್ತಿರ ಸುಳಿಯಬಾರದೆಂದು ಕಟ್ಟಪ್ಪಣೆ ಮಾಡಿದರು.

ಪರೀಕ್ಷೆಯ ಫಲಿತಾಂಶ ಸೋಮವಾರ ಬರಬೇಕಿತ್ತು. ಬರಲಿಲ್ಲ. ಮಂಗಳವಾರ ಚೂರು ತೆಗೆದ ಆಸ್ಪತ್ರೆಗೆ ಕೇಳಿದರೆ, ಅದು ತಾಲೂಕಿಗೆ ಹೋಗುತ್ತದೆ ಎಂದರು. ತಾಲೂಕಿನವರು ಜಿಲ್ಲೆಗೆ ಬರುತ್ತದೆ ಎಂದರು. ಜಿಲ್ಲೆಯವರು ತೆಗೆದವರ ಹತ್ತಿರವೇ ಇರುತ್ತದೆ ಎಂದರು. ಎಲ್ಲರೂ ಬಹಳ ಸೌಜನ್ಯದಿಂದ ಹೇಳಿದರು. ನಾನು ಆ ಮೂರು ಕಡೆಯವರ ಜೊತೆಗೂ ಸಭೆಯಲ್ಲಿ ಊಟ ಮಾಡಿದವಳು, ಯಾರ ಮೇಲೂ ಸಿಟ್ಟು ಮಾಡಲು ಬಾಯಿ ಬರಲಿಲ್ಲ. ಹೆಡ್‌ಮಾಸ್ತರರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, ಗುರುವಾರದ ಸಭೆಗೆ ದೊಡ್ಡವ್ವನನ್ನೂ ಕರೆದುಕೊಂಡು ಬಾ ಎಂದಷ್ಟೇ ಹೇಳಿದರು.

ಗುರುವಾರದ ಸಭೆಗೆ ಬೆಂಗಳೂರಿನಿಂದ ಒಬ್ಬ ತಜ್ಞರು ಬಂದಿದ್ದರು. ಒಳ್ಳೆಯ ಮನುಷ್ಯ. ನಮ್ಮ ಭಾಷೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ಮುಗುಳ್ನಗುತ್ತಿದ್ದರು. ಮನೆ ಮನೆಗೆ ಹೋಗಿ ಕೇಳಿ ತಂದ ಮಾಹಿತಿಯನ್ನು ನೋಡಿ, ಈ ಕಡೆಯ ಹೆಂಗಸರು ತಂಬಾಕು ತಿನ್ನುವುದೇ ಇಲ್ಲ ಎನ್ನುವಷ್ಟು ಕಡಿಮೆ, ಬಹಳ ಸಂತೋಷ, ನಿಮ್ಮ ಜಿಲ್ಲೆಯ ಯೋಜನೆಯಲ್ಲಿ ಗಂಡಸರ ಮೇಲೆ ಗಮನ ಇಟ್ಟರೆ ಸಾಕು ಎಂದರು. ಪಕ್ಕದಲ್ಲಿ ಕೂತಿದ್ದ ದೊಡ್ಡವ್ವ ನನ್ನ ತೊಡೆ ಚಿವುಟಿದಳು. ಜನ್ಮದಲ್ಲಿ ಮೊದಲ ಸಲ ಇಡೀ ರಾಜ್ಯ ಅವಳ ಮಾತು ಕೇಳಲು ಕೂತಿತ್ತು, ಅವಳಿಗೆ ಮಾತಾಡುವಂತಿರಲಿಲ್ಲ.

ಎದ್ದು ನಿಂತಳು. ಹಂಚು ಇಟ್ಟಂತೆ ಮಾಡಿದಳು, ಎಲೆ ಹುರಿದಳು, ಹೊಗೆಗೆ ಕಣ್ಣು ಕಿರಿದು ಮಾಡಿದಳು, ಕುಟ್ಟಿದಳು, ಬೆರಳು ಅದ್ದಿ ಹಲ್ಲು ತಿಕ್ಕಿದಳು. ತಜ್ಞರು, ಹಲ್ಲುಜ್ಜುವ ಬಗ್ಗೆ ಇವರಿಗಿರುವ ಆಸಕ್ತಿ ಮೆಚ್ಚತಕ್ಕದ್ದು ಎಂದು ಚಪ್ಪಾಳೆ ತಟ್ಟಿದರು. ದೊಡ್ಡವ್ವ ಹತಾಶಳಾಗಿ, ಜೊತೆಗೆ ಬಂದಿದ್ದ ದೊಡ್ಡಪ್ಪನ ಕಡೆ ನೋಡಿದಳು. ಅವರ ಸಂಸಾರದಲ್ಲಿ ಅವಳ ಮಾತನ್ನು ಅವನು ಹೇಳಿದ್ದು ಅದೇ ಮೊದಲು.

"ಸಾಹೇಬ್ರ, ಅಕಿ ಹಲ್ಲ ತಿಕ್ಕೂದು ತೋರಸಾಕತ್ತಿಲ್ರಿ. ತಂಬಾಕ ಹುರದು ಹಲ್ಲಿಗೆ ಹಚ್ಚೂದು ತೋರಸಾಕತ್ತಾಳ. ನಿಮ್ಮವ್ರು ತಿಂತೀರೇನು ಅಂತ ಕೇಳಿದ್ರು. ತಿನ್ನೂದಿಲ್ಲ ಅಂದ್ಲು. ಖರೇನ ಹೇಳ್ಯಾಳ, ಆಕಿ ತಿನ್ನೂದಿಲ್ಲ, ಹಚ್ಚತಾಳ."

ಸಭೆಯ ಹೆಂಗಸರ ಕಡೆಯಿಂದ ಸೆರಗಿನೊಳಗಿನ ನಗು ಕೇಳಿಸಿತು. ಹೆಡ್‌ಮಾಸ್ತರರು, ನಕ್ಕವರಲ್ಲಿ ಮಿಶ್ರಿ ಹಚ್ಚುವವರು ಕೈ ಎತ್ತಿರಿ ಎಂದರು. ಮುಂಡರಗಿಯ ಕಡೆ ಒಂದು ಕೈ ಎದ್ದಿತು, ಲಕ್ಷ್ಮೇಶ್ವರದ ಕಡೆ ಇನ್ನೊಂದು, ಆಮೇಲೆ ಯಾವ ತಾಲೂಕೂ ಹಿಂದೆ ಬೀಳಲಿಲ್ಲ. ತಜ್ಞರೂ ನಕ್ಕರು, ಬರೆದದ್ದಕ್ಕೆ ಗೀಟು ಹಾಕಿದರು, ಬೇರೆ ಜಿಲ್ಲೆಗಳಲ್ಲೂ ಹೀಗೇ ಇರಬಹುದು, ನಿಮ್ಮ ಹೆಸರುಗಳಲ್ಲೇ ಕೇಳಬೇಕು ಎಂದು ಹೆಂಗಸರನ್ನೇ ಕೂರಿಸಿಕೊಂಡು ಪ್ರಶ್ನೆಗಳನ್ನು ಮೊದಲಿನಿಂದ ಬರೆಸಿಕೊಂಡರು.

ಅದೆಲ್ಲ ಮುಗಿದ ಮೇಲೆ ಹೆಡ್‌ಮಾಸ್ತರರು ಎದ್ದರು. ಚೂರು ತೆಗೆದ ಆಸ್ಪತ್ರೆಯವರು, ತಾಲೂಕಿನವರು, ಜಿಲ್ಲೆಯವರು ಮೂವರೂ ಎದ್ದು ನಿಲ್ಲಬೇಕು ಎಂದರು. ಮೂವರೂ ನಿಂತರು, ಹೋಂವರ್ಕ್ ಮಾಡದ ಹುಡುಗರ ಹಾಗೆ.

"ಮೂರೂ ಮಂದಿ ಒಂದ ಸಾಲಿನ್ಯಾಗ ಕುಂತೀರಿ. ಈ ಅವ್ವನ ಫಲಿತಾಂಶ ಎಲ್ಲೈತಿ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ನೀವು ತರಿಸಿಕೊಂಡಿರಬೇಕು ಎಂದು ಇವರು, ನೀವು ಕಳಿಸಿರಬೇಕು ಎಂದು ಅವರು. ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರ ಮೇಲೆ ಪೂರ್ಣ ವಿಶ್ವಾಸ ಇಟ್ಟಿದ್ದರು, ಅಷ್ಟೇ. ಪರೀಕ್ಷೆ ಮುಗಿದು ಫಲಿತಾಂಶ ತಯಾರಾಗಿ ಕೂತಿತ್ತು, ಕೇಳುವವರು ಇರಲಿಲ್ಲ. ಅಲ್ಲೇ ಫೋನು ಹಚ್ಚಿಸಿದರು. ಸಭೆಗೆ ಬಂದಿದ್ದ ಹಲ್ಲಿನ ಡಾಕ್ಟರು ಫೋನು ಹಿಡಿದು ವರಾಂಡಕ್ಕೆ ಹೋದರು. ಕಿಟಕಿಯಿಂದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನಿನಿಂದ ಏನಾದರೂ ತಿಳಿಯುತ್ತದೆಯೇ ಎಂದು ನೋಡಿದೆ. ತಿಳಿಯಲಿಲ್ಲ. ದೊಡ್ಡಪ್ಪ ಜಮಖಾನದ ದಾರ ಕೀಳುತ್ತ ಕೂತಿದ್ದ, ದೊಡ್ಡವ್ವ ಅವನ ಕೈ ಮೇಲೆ ಒಂದು ಏಟು ಕೊಟ್ಟು, ಆಮೇಲೆ ಆ ಕೈಯನ್ನು ಹಾಗೇ ಹಿಡಿದುಕೊಂಡಳು. ನಾಲ್ಕು ಜನರೆದುರು ಅವರಿಬ್ಬರು ಕೈ ಹಿಡಿದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಡಾಕ್ಟರು ಒಳಗೆ ಬಂದು ನೇರ ದೊಡ್ಡವ್ವನ ಎದುರು ಮಂಡಿಯೂರಿ ಕೂತರು.

"ಅವ್ವಾರ, ಕ್ಯಾನ್ಸರ್ ಇಲ್ಲ. ಆದ್ರ ಅದರ ಅಂಗಳದಾಗ ನಿಂತೀರಿ. ಆ ಪಟ್ಟಿ ತಗದು ಹಾಕೂಣು, ಆಮ್ಯಾಲ ಆಗಾಗ ಬಂದು ತೋರಸರಿ. ಮಿಶ್ರಿ ಮಾತ್ರ ಇವತ್ತಿಗೆ ಬಂದ್."

ದೊಡ್ಡವ್ವ ಏನೋ ಹೇಳಲು ಬಾಯಿ ತೆರೆದಳು, ಡಾಕ್ಟರು ಅಂಗೈ ಅಡ್ಡ ಇಟ್ಟರು. ಆಗ ಅವಳು ಬೆರಳೆತ್ತಿ ದೊಡ್ಡಪ್ಪನ ಅಂಗಿಯ ಜೇಬು ತೋರಿಸಿದಳು. ಜೇಬಿನಲ್ಲಿ ಚಂಚಿ ಇತ್ತು. ಇದಕ್ಕೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ದೊಡ್ಡಪ್ಪ ಸುತ್ತ ನೋಡಿದ. ಸಭೆಯಲ್ಲಿ ಅವನ ಪಕ್ಷ ವಹಿಸುವವರು ಒಬ್ಬರೂ ಇರಲಿಲ್ಲ, ಬಂದಿದ್ದವರೆಲ್ಲ ಅದಕ್ಕೇ ಸೇರಿದವರು. ಚಂಚಿ ತೆಗೆದು ಕೊಟ್ಟ. ಹೆಡ್‌ಮಾಸ್ತರರು ಹುಡುಗರ ಗೋಲಿ ಕಸಿದುಕೊಂಡು ರೂಢಿಯಿದ್ದವರು, ಅದನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ವಿಷಯಕ್ಕೆ ಹೋದರು. ಚೂರು ತೆಗೆದವರೇ ಫಲಿತಾಂಶ ತರಿಸಿ ಆ ಮನೆಗೆ ತಿಳಿಸಬೇಕು, ಇನ್ನೊಬ್ಬರು ತಿಳಿಸಿರಬಹುದು ಎಂದುಕೊಳ್ಳಬಾರದು ಎಂಬ ಮಾತು ಅವತ್ತು ನಮ್ಮ ಜಿಲ್ಲೆಯ ಯೋಜನೆಯೊಳಗೆ ಸೇರಿತು.

ಪಟ್ಟಿ ತೆಗೆದರು. ಗಾಯ ಮಾಯಿತು, ಮಾತು ಮರಳಿತು. ಮರಳದೆ ಹೋದದ್ದು ನಿದ್ದೆ. ಮದುವೆಯಾದಾಗಿನಿಂದ ಮಿಶ್ರಿ ತಿಕ್ಕಿದ ಬಾಯಿ ಅದಿಲ್ಲದೆ ಮಲಗಲು ಒಪ್ಪಲಿಲ್ಲ. ದೊಡ್ಡವ್ವ ಉಪ್ಪು ತಿಕ್ಕಿದಳು, ಓಂಕಾಳು ಅಗಿದಳು, ಲವಂಗ ಕಚ್ಚಿಕೊಂಡಳು, ಏನೂ ಇಲ್ಲದೆ ಬರೀ ಬೆರಳನ್ನೂ ತಿಕ್ಕಿ ನೋಡಿದಳು. ದೊಡ್ಡಪ್ಪನ ಸ್ಥಿತಿ ಇನ್ನೂ ಕಷ್ಟ. ಅವನು ಅಂಗೈಯಲ್ಲಿ ಏನೂ ಇಲ್ಲದೆ ಹೆಬ್ಬೆರಳು ಉಜ್ಜುತ್ತ ಕೂರುತ್ತಿದ್ದ, ಕೇಳಿದರೆ ಕೈಗೆ ಜೋಮು ಹಿಡಿದಿದೆ ಎನ್ನುತ್ತಿದ್ದ. ಒಬ್ಬರ ಮೇಲೊಬ್ಬರು ಕಾವಲು. ಒಲೆಯ ಹಿಂದಿನ ಗೂಡನ್ನು ಅವನು ದಿನಾ ತಡಕುತ್ತಿದ್ದ, ಅವನ ಪಟಕಾದ ಮಡಿಕೆಗಳನ್ನು ಅವಳು ಬಿಚ್ಚಿ ನೋಡುತ್ತಿದ್ದಳು. ಒಮ್ಮೆ ಅದರೊಳಗೆ ಒಂದು ತುಂಡು ತಂಬಾಕು ಸಿಕ್ಕಿತು. ಅದು ತನ್ನದಲ್ಲ, ಪಟಕಾದ್ದು ಎಂದು ಅವನು ವಾದಿಸಿದನಂತೆ.

ದೊಡ್ಡವ್ವನ ಸೊಸೆ ಹೇಳಿದ ಪ್ರಕಾರ ಇಬ್ಬರೂ ಹಾಸಿಗೆಯಲ್ಲಿ ಅತ್ತಿತ್ತ ಹೊರಳಿ, ತಮ್ಮ ಮದುವೆಯಲ್ಲಿ ಯಾರು ಯಾರಿಗೆ ಸರಿಯಾಗಿ ಬಡಿಸಲಿಲ್ಲ ಎಂಬಲ್ಲಿಂದ ಜಗಳ ಶುರು ಮಾಡುತ್ತಿದ್ದರು. ಕೋಳಿ ಕೂಗುವ ಮುಂಚೆ ದೊಡ್ಡವ್ವ ನನಗೆ ಫೋನು ಮಾಡುತ್ತಿದ್ದಳು. ಹೇಳುವುದು ಏನೂ ಇರುತ್ತಿರಲಿಲ್ಲ. ನೀನೇ ಈ ಡಾಕ್ಟರನ್ನು ಊರಿಗೆ ತಂದವಳು, ನೀನೂ ಎದ್ದಿರು ಎಂಬುದು ಅವಳ ನ್ಯಾಯ. ನಾನು ಹೇಗೂ ಎದ್ದೇ ಇರುತ್ತಿದ್ದೆ. ಕ್ಯಾನ್ಸರ್ ಇಲ್ಲ ಎಂದು ಕಿವಿಯಾರೆ ಕೇಳಿದ ಮೇಲೂ ಕಣ್ಣು ಮುಚ್ಚಿದರೆ ಆ ಬೆಳಕು ಕೆನ್ನೆಯ ಒಳಗೆ ನಿಲ್ಲದೆ ಜಾರಿ ಹೋಗುತ್ತಿತ್ತು. ಹಾಗಾಗಿ ಫೋನು ಬಂದರೆ ನನಗೆ ಒಳಗೊಳಗೇ ಸಮಾಧಾನ. ಅವಳು ಬೈಯುತ್ತಿದ್ದಳು, ನಾನು ಹೂಂ ಎನ್ನುತ್ತಿದ್ದೆ, ಬೆಟಗೇರಿಯಲ್ಲಿ ಬೆಳಕು ಹರಿಯುತ್ತಿತ್ತು.

ಹೋಳಿ ಹುಣ್ಣಿಮೆ ಮುಗಿಯಿತು. ಕೆರೆಯ ಬಾತುಗಳೆಲ್ಲ ತಮ್ಮ ದೇಶಕ್ಕೆ ಹೋಗಿಬಿಟ್ಟಿದ್ದವು. ಮುಂಡರಗಿಯ ಶಿಬಿರವೂ ಆಯಿತು. ಅಲ್ಲಿ ಮೈಕಿನಲ್ಲಿ, ಬಾಯಿ ಹೇಗಿದೆಯೋ ಹಾಗೇ ಬನ್ನಿ ಎಂದು ಸಾರಿಸಿದ್ದೆವು.

ಉಗಾದಿಗೆ ಮೊದಲಿನ ಬುಧವಾರ ನನಗೆ ಎಚ್ಚರವಾದಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಓಣಿಯಲ್ಲಿ ಮಗ್ಗಗಳು ಆಗಲೇ ಶುರುವಾಗಿದ್ದವು. ಫೋನು ತಲೆದಿಂಬಿನ ಪಕ್ಕದಲ್ಲೇ ಇತ್ತು, ಅದರಲ್ಲಿ ದೊಡ್ಡವ್ವನ ಕರೆ ಇರಲಿಲ್ಲ. ನಾನೇ ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ದೊಡ್ಡಪ್ಪನಿಗೆ ಹಚ್ಚಿದೆ, ಎತ್ತಲಿಲ್ಲ. ಚಪ್ಪಲಿ ಮೆಟ್ಟಿ, ಲಕ್ಷ್ಮೇಶ್ವರದ ಬಸ್ಸು ಎಷ್ಟೊತ್ತಿಗೆ ಎಂದು ಯೋಚಿಸುತ್ತ ಮತ್ತೊಮ್ಮೆ ಹಚ್ಚಿದೆ. ಈ ಸಲ ಎತ್ತಿದಳು.

"ಯಾರದು?"

"ನಾನ ದೊಡ್ಡವ್ವ. ಯಾಕ ಫೋನ್ ಮಾಡಲಿಲ್ಲ? ಏನಾತು?"

"ಏನಾಗಬೇಕ? ನಿದ್ದಿ ಹತ್ತಿತ್ತು." ದನಿ ದಪ್ಪವಾಗಿ, ಸಿಟ್ಟಿನಿಂದ ತುಂಬಿತ್ತು. "ಇವರು ಇನ್ನಾ ಗೊರಕಿ ಹೊಡಿಯಾಕತ್ತಾರ. ಎಮ್ಮಿ ಒದರಿ ಒದರಿ ಸುಮ್ಮನಾಗೈತಿ. ನೀ ಯಾಕ ಇಷ್ಟ ಜಲ್ದಿ ಎದ್ದೀ?"

ನಾನೂ ಈಗಷ್ಟೇ ಎದ್ದೆ ಎಂದೆ. ಹಾಗೆ ಹೇಳಿದ ಮೇಲೆಯೇ ನನಗೆ ಅದು ಹೊಳೆದದ್ದು. ಮಲಗಿದಾಗಿನಿಂದ ಏಳುವ ತನಕ ಆ ಬ್ಯಾಟರಿ ಕಣ್ಣ ಮುಂದೆ ಬಂದಿರಲಿಲ್ಲ.

"ಹಂಗಾರ ಫೋನ್ ಇಡು," ಅಂದಳು. "ಇನ್ನೊಂದೀಟು ಮಲಗತೇನಿ."